ಪಂಚ್‌ನ ನಗೆ ಮರದ ಮೇಲೆ ಮೂಡುತ್ತಿದ್ದ ಬಗೆ

ಲಂಡನ್ನಿನ 'ಪಂಚ್' ಎಂಬ ನಗೆಪತ್ರಿಕೆಯ ಹಳೆಯ ಸಂಪುಟ ತಿರುವಿಹಾಕಿದವರಿಗೆ ಎರಡು ಪ್ರಶ್ನೆ ಏಳದೆ ಇರವು. ವಾರದ ದೊಡ್ಡ ರಾಜಕೀಯ ಚಿತ್ರದಲ್ಲಿ ಯಾವಾಗ ನೋಡಿದರೂ ಸಿಂಹ, ಹುಲಿ, ಬ್ರಿಟನ್ನಿನ ಪ್ರತೀಕವಾಗಿ ಶಿರಸ್ತ್ರಾಣ ತೊಟ್ಟ ಹೆಣ್ಣು ಬ್ರಿಟಾನಿಯಾ, ಇವರೇ ಏಕೆ? ಬೇರೆ ಬೇರೆ ಕಲಾವಿದರ ಚಿತ್ರಗಳು ಸ್ವಲ್ಪ ದೂರದಿಂದ ನೋಡಿದರೆ ಒಂದೇ ಮನೆಯವರಂತೆ ಏಕೆ ಕಾಣುತ್ತವೆ? ವಿಕ್ಟೋರಿಯಾ ಕಾಲದ ಅಭಿರುಚಿಯೇ ಹಾಗಿತ್ತು ಎನ್ನುವುದು ಅರ್ಧ ಉತ್ತರ. ಉಳಿದರ್ಧ ಇರುವುದು ಅಂಗೈಯಗಲದ ಮರದ ತುಂಡುಗಳಲ್ಲಿ, ಮತ್ತು ಬುಧವಾರದಿಂದ ಬುಧವಾರಕ್ಕೆ ಓಡುತ್ತಿದ್ದ ಒಂದು ವೇಳಾಪಟ್ಟಿಯಲ್ಲಿ.

ಪಂಚ್‌ನ ಮೊದಲ ಸಂಚಿಕೆ ಹೊರಬಂದದ್ದು 1841ರ ಜುಲೈ 17ರಂದು. ಬೆಲೆ ಮೂರು ಪೆನ್ಸ್. ಕಟ್ಟಿದವರಲ್ಲಿ ಹೆನ್ರಿ ಮೇಹ್ಯೂ, ಮಾರ್ಕ್ ಲೆಮನ್ ಬರಹಗಾರರು. ಎಬೆನೀಜರ್ ಲ್ಯಾಂಡೆಲ್ಸ್ ಮರದ ಮೇಲೆ ಕೆತ್ತುವ ಕಸುಬಿನವನು. ಸ್ಥಾಪಕರಲ್ಲೇ ಒಬ್ಬ ಕೆತ್ತನೆಗಾರ ಇದ್ದದ್ದು ಆಕಸ್ಮಿಕವಲ್ಲ. ಮುಂದೆ ಐವತ್ತು ವರ್ಷ ಪತ್ರಿಕೆಯ ಚಿತ್ರಗಳೆಲ್ಲ ಆ ಕಸುಬಿನ ಕೈದಾಟಿಯೇ ಓದುಗರನ್ನು ತಲುಪಿದವು.

ಮರವೇ ಏಕೆ

ಪಂಚ್ ತನ್ನ ಉಪಶೀರ್ಷಿಕೆಯಲ್ಲಿ 'ದಿ ಲಂಡನ್ ಶಾರಿವಾರಿ' ಎಂದು ಹಾಕಿಕೊಂಡಿತ್ತು. ಪ್ಯಾರಿಸ್ಸಿನಲ್ಲಿ ಶಾರ್ಲ್ ಫಿಲಿಪೊಂ 1832ರಲ್ಲಿ ಶುರುಮಾಡಿದ 'ಲ ಶಾರಿವಾರಿ' ಅದರ ಮಾದರಿ. ಆದರೆ ಮುದ್ರಣದಲ್ಲಿ ಎರಡಕ್ಕೂ ಸಂಬಂಧವೇ ಇಲ್ಲ. ಪ್ಯಾರಿಸ್ಸಿನ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರ ದೊಮಿಯೆಯಂಥವರು ಕಲ್ಲಚ್ಚಿನ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ನೇರವಾಗಿ ಚಿತ್ರ ಬರೆಯುತ್ತಿದ್ದರು. ಇದ್ದಿಲಿನಲ್ಲಿ ತೀಡಿದಂಥ ಮೆತ್ತನೆಯ ಬೂದು ಛಾಯೆ ಹಾಗೆಯೇ ಕಾಗದಕ್ಕೆ ಬರುತ್ತಿತ್ತು. ತೊಂದರೆ ಏನೆಂದರೆ ಕಲ್ಲಚ್ಚಿಗೆ ಬೇರೆ ಯಂತ್ರ, ಅಕ್ಷರದ ಅಚ್ಚುಮೊಳೆಗೆ ಬೇರೆ ಯಂತ್ರ. ಚಿತ್ರವೂ ಅಕ್ಷರವೂ ಇರುವ ಹಾಳೆ ಎರಡು ಸಲ ಮುದ್ರಣವಾಗಬೇಕು.

ಮರದಚ್ಚು ಹಾಗಲ್ಲ. ಅಚ್ಚುಮೊಳೆಯಲ್ಲಿ ಉಬ್ಬಿದ ಭಾಗಕ್ಕೆ ಶಾಯಿ ಹತ್ತುತ್ತದೆ, ತಗ್ಗಿದ ಭಾಗ ಬಿಳಿಯಾಗಿ ಉಳಿಯುತ್ತದೆ. ಮರದ ಅಚ್ಚಿನಲ್ಲೂ ಅಷ್ಟೇ. ಮರದ ತುಂಡನ್ನು ಅಚ್ಚುಮೊಳೆಯಷ್ಟೇ ಎತ್ತರಕ್ಕೆ, ಅಂದರೆ ಇಂಗ್ಲಿಷ್ ಅಳತೆಯಲ್ಲಿ 0.918 ಅಂಗುಲಕ್ಕೆ ತಂದರೆ ಮುಗಿಯಿತು. ಮೊಳೆಗಳ ಪಕ್ಕದಲ್ಲೇ ಚೌಕಟ್ಟಿಗೆ ಬಿಗಿದು ಒಂದೇ ಏಟಿಗೆ ಚಿತ್ರ, ನಗೆಹನಿ, ಅಡಿಬರಹ ಎಲ್ಲವನ್ನೂ ಒತ್ತಬಹುದು. ಮೂರು ಪೆನ್ಸಿನ ವಾರಪತ್ರಿಕೆಗೆ ಬೇರೆ ದಾರಿಯೇ ಇರಲಿಲ್ಲ. ಇದಕ್ಕೆ ತೆತ್ತ ಬೆಲೆ ಒಂದೇ: ಬೂದು ಬಣ್ಣ ಇಲ್ಲ. ಮರದಚ್ಚಿಗೆ ಗೊತ್ತಿರುವುದು ಕಪ್ಪು ಮತ್ತು ಬಿಳಿ ಮಾತ್ರ. ನೆರಳು ಬೇಕಿದ್ದರೆ ಗೆರೆಗಳನ್ನು ಒತ್ತೊತ್ತಾಗಿ ಎಳೆದು ಕಣ್ಣಿಗೆ ಮೋಸ ಮಾಡಬೇಕು. ಪಂಚ್‌ನ 'ಗೆರೆಗೆರೆ' ಮುಖಲಕ್ಷಣ ಹುಟ್ಟಿದ್ದು ಇಲ್ಲಿ.

ಬಳಸುತ್ತಿದ್ದ ಮರ ಬಾಕ್ಸ್‌ವುಡ್. ಕಪ್ಪುಸಮುದ್ರದ ಸೀಮೆಯಿಂದಲೂ ತುರ್ಕಿಯಿಂದಲೂ ಬರುತ್ತಿತ್ತು. ಬಹಳ ನಿಧಾನವಾಗಿ ಬೆಳೆಯುವ ಮರವಾದ್ದರಿಂದ ನಾರು ಅತಿ ದಟ್ಟ. ಹಲಗೆಯಂತೆ ಉದ್ದಕ್ಕೆ ಸೀಳದೆ, ಕಾಂಡವನ್ನು ಅಡ್ಡಲಾಗಿ ಕೊಯ್ದು ಆ ಮುಖದ ಮೇಲೆ ಕೆತ್ತುತ್ತಾರೆ. ಉದ್ದಕ್ಕೆ ಸೀಳಿದ ಹಲಗೆಯಲ್ಲಿ ಉಳಿ ನಾರಿನ ಜಾಡು ಹಿಡಿದು ಎತ್ತಲೋ ಜಾರುತ್ತದೆ, ಸಣ್ಣ ಗೆರೆ ಸಿಬಿರೆದ್ದು ಹೋಗುತ್ತದೆ. ಅಡ್ಡ ಕೊಯ್ದ ಮುಖದಲ್ಲಿ ನಾರುಗಳೆಲ್ಲ ನೆಟ್ಟಗೆ ನಿಂತಿರುವುದರಿಂದ ಉಳಿ ಯಾವ ದಿಕ್ಕಿಗಾದರೂ ಒಂದೇ ಹದದಲ್ಲಿ ಓಡುತ್ತದೆ.

ಆದರೆ ಬಾಕ್ಸ್ ಮರದ ಕಾಂಡ ತೆಳು. ದೋಷವಿಲ್ಲದ ತುಂಡು ಐದಾರು ಅಂಗುಲಕ್ಕಿಂತ ದೊಡ್ಡದಾಗಿ ಸಿಗುವುದು ಅಪರೂಪ. ಪೂರ್ತಿ ಪುಟದ ಚಿತ್ರಕ್ಕೆ ಹಲವು ತುಂಡುಗಳನ್ನು ಸೇರಿಸಲೇಬೇಕು. ಮೊದಲು ಅಂಟು ಹಾಕಿ ಜೋಡಿಸುತ್ತಿದ್ದರು. 1860ರ ಸುಮಾರಿಗೆ ಹಿಂಬದಿಯಿಂದ ಬೋಲ್ಟು ನಟ್ಟು ಹಾಕಿ ಬಿಗಿಯುವ, ಬೇಕೆಂದಾಗ ಬಿಚ್ಚಬಹುದಾದ ಅಚ್ಚು ಬಳಕೆಗೆ ಬಂತು. ನೋಡಲು ಬಡಗಿಯ ಸಣ್ಣ ಉಪಾಯ. ಪತ್ರಿಕೋದ್ಯಮಕ್ಕೆ ಅದು ಎಷ್ಟು ದೊಡ್ಡ ಉಪಕಾರ ಎಂಬುದು ಕೆತ್ತನೆಯ ಮಾತು ಬಂದಾಗ ತಿಳಿಯುತ್ತದೆ.

ತಿರುಗುಮುರುಗು ಬರೆಯುವ ಕಷ್ಟ

ಚಿತ್ರಕಾರನ ಕೈಗೆ ಬರುವ ಮರದ ಮೇಲ್ಮೈ ಕನ್ನಡಿಯಷ್ಟು ನುಣುಪು. ಹಾಗೆಯೇ ಬರೆಯಹೋದರೆ ಪೆನ್ಸಿಲ್ ಜಾರುತ್ತದೆ. ಅದಕ್ಕೆ ಚೈನೀಸ್ ವೈಟ್ ಎಂಬ ಬಿಳಿ ಬಣ್ಣವನ್ನು ತೆಳ್ಳಗೆ ಬಳಿಯುತ್ತಿದ್ದರು. ಈ ಬಳಿತದ ಹದ ತಪ್ಪಿದರೆ ಮುಂದಿನದೆಲ್ಲ ಕೆಟ್ಟಿತು. ದಪ್ಪವಾದರೆ ಉಳಿ ತಾಕಿದಾಗ ಹೊಪ್ಪಳಿಕೆಯಾಗಿ ಎದ್ದು ಅದರ ಜತೆಗೆ ಗೆರೆಯೂ ಹೋಗುತ್ತದೆ. ತೆಳುವಾದರೆ ಪೆನ್ಸಿಲ್ ಕಚ್ಚುವುದಿಲ್ಲ.

ಪತ್ರಿಕೆಯ ಮುಖ್ಯ ಚಿತ್ರಕಾರ ಜಾನ್ ಟೆನಿಯಲ್ ಮೊದಲು ಕಾಗದದ ಮೇಲೆ ಕರಡು ಮಾಡಿ, ಪಾರದರ್ಶಕ ಕಾಗದದಿಂದ ಅದನ್ನು ತಿರುಗಿಸಿ ಮರಕ್ಕೆ ಇಳಿಸಿ, ಅದರ ಮೇಲೆ 6ಎಚ್‌ನಷ್ಟು ಗಟ್ಟಿ ಪೆನ್ಸಿಲಿನಿಂದ ತಿದ್ದಿ ಬರೆಯುತ್ತಿದ್ದ. ಮುದ್ರಣದಲ್ಲಿ ಎಡ ಬಲವಾಗುವುದರಿಂದ ಎಲ್ಲವನ್ನೂ ತಿರುಗುಮುರುಗಾಗಿ ಬರೆಯಬೇಕು: ಕತ್ತಿ ಎಡಗೈಯಲ್ಲಿರಬೇಕು, ಕೋಟಿನ ಗುಂಡಿ ಆ ಕಡೆ ಇರಬೇಕು, ಗುರಾಣಿಯ ಮೇಲಿನ ಅಕ್ಷರ ಬಲದಿಂದ ಎಡಕ್ಕೆ ಓಡಬೇಕು. ಬರೀ ಮುಖವಾದರೆ ತೊಂದರೆಯಿಲ್ಲ, ಪ್ರಸಿದ್ಧ ವ್ಯಕ್ತಿಯ ಮುಖವಾದರೆ ಬೈತಲೆ ಯಾವ ಕಡೆಗೆ ಎಂದು ಓದುಗನಿಗೆ ಗೊತ್ತಿರುತ್ತದೆ! ಟೆನಿಯಲ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಇಪ್ಪತ್ತರ ಪ್ರಾಯದಲ್ಲಿ ತಂದೆಯ ಜತೆ ಕತ್ತಿವರಸೆ ಆಡುವಾಗ ಪೆಟ್ಟಾಗಿತ್ತು. ಅವನ ಜತೆಗಾರ ಜಾರ್ಜ್ ದು ಮೋರಿಯೆಗೂ ಎಡಗಣ್ಣಿನ ದೃಷ್ಟಿ ಹೋಗಿತ್ತು. ಆ ಕಾಲದ ಅತಿ ಪ್ರಸಿದ್ಧ ನಗೆಪತ್ರಿಕೆಯ ಇಬ್ಬರು ಮುಖ್ಯ ಚಿತ್ರಕಾರರ ನಡುವೆ ನೆಟ್ಟಗಿದ್ದದ್ದು ಎರಡೇ ಕಣ್ಣು.

ಬರೆದ ಚಿತ್ರದ ಗತಿಯೇನು? ಕೆತ್ತುವಾಗ ಅದು ಚೂರುಚೂರಾಗಿ ಉಳಿಯ ಬಾಯಿಗೆ ಹೋಗುತ್ತದೆ. ಮೂಲಚಿತ್ರ ಎಂಬುದು ಉಳಿಯುವುದೇ ಇಲ್ಲ. 1841ರಿಂದ 1864ರವರೆಗೆ ಮೂರು ಸಾವಿರದಷ್ಟು ಚಿತ್ರಗಳನ್ನು ಪಂಚ್‌ಗೆ ಕೊಟ್ಟ ಜಾನ್ ಲೀಚ್‌ನ ಮರದ ಮೇಲಿನ ಗೆರೆ ಹೇಗಿತ್ತೆಂದು ಇಂದು ತಿಳಿಯಬೇಕಾದರೆ ಅವನ ಕರಡುಗಳನ್ನು ನೋಡಿ ಊಹಿಸಬೇಕು, ಅಷ್ಟೆ.

ಉಳಿಯ ಕೆಲಸ

ಚಿತ್ರದ ಮೂಲೆಯಲ್ಲಿ 'ಸ್ವೇನ್ ಎಸ್‌ಸಿ' (ಎಸ್‌ಸಿ ಅಂದರೆ ಲ್ಯಾಟಿನ್ನಿನಲ್ಲಿ 'ಕೆತ್ತಿದನು') ಎಂಬ ಸಣ್ಣ ಅಕ್ಷರ ಕಂಡರೆ ಅದು ಜೋಸೆಫ್ ಸ್ವೇನ್‌ನ ಕಾರ್ಯಾಗಾರದ ಗುರುತು. 1840ರ ದಶಕದಿಂದ ಶತಮಾನದ ಕೊನೆಯತನಕ ಪಂಚ್‌ನ ಕೆತ್ತನೆ ಅವನ ಮನೆಯದೇ. ಬೇರೆ ಬೇರೆ ಚಿತ್ರಕಾರರು ಒಂದೇ ಮನೆಯವರಂತೆ ಕಾಣುವುದಕ್ಕೆ ಇದೇ ಕಾರಣ: ಬರೆದ ಕೈ ಹತ್ತಾರು, ಕೆತ್ತಿದ ಮನೆ ಒಂದು.

ಕೆತ್ತನೆಗಾರ ಮರದ ತುಂಡನ್ನು ಮರಳು ತುಂಬಿದ ದುಂಡು ತೊಗಲಿನ ದಿಂಬಿನ ಮೇಲೆ ಇಡುತ್ತಾನೆ. ಬಾಗಿದ ಗೆರೆ ಕೊರೆಯಬೇಕಾದಾಗ ಉಳಿಯನ್ನು ತಿರುಗಿಸುವುದಿಲ್ಲ. ಎಡಗೈಯಿಂದ ಮರವನ್ನೇ ಉಳಿಗೆ ಎದುರಾಗಿ ತಿರುಗಿಸುತ್ತಾನೆ. ಉಳಿಗಳಲ್ಲಿ ಜಾತಿಗಳಿವೆ. ವಜ್ರಾಕೃತಿಯ ಮೊನೆಯದು ದಪ್ಪ ತೆಳು ಆಗುವ ಗೆರೆಗೆ, ಒಂದೇ ಅಗಲದ್ದು ಆಕಾಶದಂಥ ಸಮಾನಾಂತರ ಗೆರೆಗೆ, ದುಂಡು ಅಥವಾ ಚಪ್ಪಟೆ ಬಾಯಿಯದು ದೊಡ್ಡ ಬಿಳಿಜಾಗ ತೋಡಿ ತೆಗೆಯಲು. ಎದುರಿಗೆ ಭೂತಗನ್ನಡಿ, ರಾತ್ರಿಯಾದರೆ ದೀಪದ ಮುಂದೆ ನೀರು ತುಂಬಿದ ಗಾಜಿನ ಬುರುಡೆ. ಬೆಳಕನ್ನು ಅದು ಕೆಲಸದ ಜಾಗಕ್ಕೆ ಕೂಡಿಸಿ ಬಿಡುತ್ತದೆ. ಪೆನ್ಸಿಲ್ ಗೆರೆ ಅಳಿಸಿಹೋಗದಂತೆ ಇಡೀ ತುಂಡಿಗೆ ಕಾಗದ ಹೊದಿಸಿ, ಕೆತ್ತುವಷ್ಟು ಜಾಗದಲ್ಲಿ ಮಾತ್ರ ಹರಿದು ತೆರೆಯುತ್ತಾರೆ. ಚಳಿಗಾಲದಲ್ಲಿ ಉಸಿರಿನ ತೇವ ತಾಕಿ ಚಿತ್ರ ಕಲಸಿಹೋಗದಿರಲಿ ಎಂದು ಬಾಯಿಗೆ ರಟ್ಟಿನ ಮರೆ ಕಟ್ಟಿಕೊಳ್ಳುವುದೂ ಇತ್ತು.

ಪೆನ್ಸಿಲಿನ ಒಂದು ಗೆರೆಗೆ ಕೆತ್ತನೆಗಾರ ಎರಡು ಸಲ ಉಳಿ ಓಡಿಸಬೇಕು, ಗೆರೆಯ ಆಚೆಗೊಮ್ಮೆ, ಈಚೆಗೊಮ್ಮೆ. ಗೆರೆಯನ್ನು ಬಿಟ್ಟು ಉಳಿದದ್ದನ್ನು ತೆಗೆಯುವ ಕೆಲಸ ಇದು. ನೆರಳಿಗಾಗಿ ಚಿತ್ರಕಾರ ಒಂದರ ಮೇಲೊಂದು ಅಡ್ಡಗೆರೆ ಎಳೆದು ಜಾಲರಿ ಮಾಡಿದನೆನ್ನಿ. ಪೆನ್ಸಿಲ್ ಹಿಡಿದವನಿಗೆ ಅದು ಅರೆನಿಮಿಷದ ಕೆಲಸ. ಕೆತ್ತುವವನು ಆ ಜಾಲರಿಯ ಒಂದೊಂದು ಕಣ್ಣನ್ನೂ, ಎಳ್ಳಿಗಿಂತ ಸಣ್ಣ ಬಿಳಿ ಚೌಕಗಳನ್ನು, ಬಿಡಿಬಿಡಿಯಾಗಿ ಕುಟುಕಿ ತೆಗೆಯಬೇಕು. ನೂರಾರು ಕಣ್ಣು. ಒಂದು ಕಡೆ ಉಳಿ ಜಾರಿತೋ, ಗೆರೆ ತುಂಡಾಯಿತು. ಆಗ ಮಾಡುವುದಿಷ್ಟು: ಕೆಟ್ಟ ಜಾಗದಲ್ಲಿ ದುಂಡಗೆ ತೂತು ಕೊರೆದು, ಬಾಕ್ಸ್ ಮರದ ಬೆಣೆ ಹೊಡೆದು, ಮಟ್ಟಮಾಡಿ, ಅಲ್ಲಿ ಮತ್ತೆ ಬರೆದು ಕೆತ್ತುವುದು. ಬೆಣೆ ಆಮೇಲೆ ಕೂದಲೆಳೆಯಷ್ಟು ಮೇಲೆದ್ದರೂ ಮುದ್ರಣದಲ್ಲಿ ದುಂಡನೆಯ ಕಪ್ಪು ಅಂಚು ಕಾಣುತ್ತದೆ.

ಇಂಥ ಕೆಲಸವನ್ನು ಪೂರ್ತಿ ಪುಟಕ್ಕೆ ಒಬ್ಬನೇ ಮಾಡಹೊರಟರೆ ವಾರ ಸಾಲದು. ಬೋಲ್ಟಿನ ಅಚ್ಚು ಬಂದದ್ದು ಈ ಗಂಟು ಬಿಡಿಸಲಿಕ್ಕೆ. ಚಿತ್ರ ಬರೆದ ಮೇಲೆ ಅಚ್ಚನ್ನು ಬಿಚ್ಚುವ ಮುಂಚೆ ಮುಖ್ಯ ಕೆತ್ತನೆಗಾರ ಎರಡು ತುಂಡುಗಳ ಕೂಡುಗೆರೆಯನ್ನು ದಾಟಿ ಹೋಗುವ ಗೆರೆಗಳನ್ನಷ್ಟು ತಾನೇ ಕೆತ್ತುತ್ತಾನೆ. ಎರಡೂ ಬದಿಗಳಿಗೆ ಅದೇ ಅಳತೆಗೋಲು. ಆಮೇಲೆ ಬಿಚ್ಚಿ ತಲೆಗೊಂದು ತುಂಡು ಹಂಚುತ್ತಾರೆ. ಮುಖ, ಕೈ ಬಂದ ತುಂಡು ಪಳಗಿದ ಕೈಗೆ. ಆಕಾಶ, ನೆಲ, ಗೋಡೆ ಕಿರಿಯರಿಗೆ. ಎಲ್ಲ ಮುಗಿದ ಮೇಲೆ ಮತ್ತೆ ಬಿಗಿದು ಮಟ್ಟಮಾಡುತ್ತಾರೆ. ಬೇಗ ಮುಗಿಯುತ್ತದೆ, ನಿಜ. ಆದರೆ ಮರ ಒಣಗಿ ಕುಗ್ಗಿದರೆ, ಬಿಗಿತ ಸಡಿಲಿದರೆ ಕೂಡುಗೆರೆ ಬಾಯಿಬಿಡುತ್ತದೆ. ಟೆನಿಯಲ್‌ನ ದೊಡ್ಡ ಚಿತ್ರಗಳಲ್ಲಿ ಬ್ರಿಟಾನಿಯಾಳ ಸೆರಗನ್ನು ನೆಟ್ಟಗೆ ಸೀಳಿಕೊಂಡು ಹೋಗುವ ಬಿಳಿ ಕೂದಲೆಳೆ ಕಾಣುತ್ತದಲ್ಲ, ಅದು ಇದೇ.

ಬುಧವಾರದಿಂದ ಬುಧವಾರಕ್ಕೆ

ಪಂಚ್ ಬಳಗದವರ ವಾರದೂಟ ಮೊದಲಿಗೆ ಶನಿವಾರ ಇತ್ತು, ಆಮೇಲೆ ಬುಧವಾರಕ್ಕೆ ನಿಂತಿತು. ಊಟದ ಮೇಜು ಸಾದಾ ಅಗ್ಗದ ಮರದ್ದು. ಬಳಗಕ್ಕೆ ಸೇರಿದವರು ಅದರ ಮೇಲೆ ತಮ್ಮ ಹೆಸರಿನ ಮೊದಲಕ್ಷರ ಕೊರೆಯುತ್ತಿದ್ದರು. ಊಟ ಮುಗಿದು ಚುಟ್ಟ ಹತ್ತಿದ ಮೇಲೆ ಒಂದೇ ಚರ್ಚೆ: ಮುಂದಿನ ವಾರದ 'ಬಿಗ್ ಕಟ್', ಅಂದರೆ ಪೂರ್ತಿ ಪುಟದ ರಾಜಕೀಯ ಚಿತ್ರ, ಏನಾಗಬೇಕು? ವಿಷಯ ಹೊಳೆಯಿಸುತ್ತಿದ್ದವರು ಬಹುಪಾಲು ಬರಹಗಾರರು. ಟೆನಿಯಲ್ ಕೇಳಿಸಿಕೊಂಡು ಎದ್ದುಹೋಗುವ ಜಾತಿ. ಅವನ ಹೆಸರಿನಲ್ಲಿ ನಾವು ಮೆಚ್ಚುವ ಎಷ್ಟೋ ಕಲ್ಪನೆ ಅವನದಲ್ಲ. ಅವನದು ನಿಲುವು, ಜೋಡಣೆ, ಗೆರೆ.

ಎಂ. ಎಚ್. ಸ್ಪೀಲ್‌ಮನ್ ಪಂಚ್‌ನ ಇತಿಹಾಸ ಬರೆಯುವಾಗ ಟೆನಿಯಲ್ ತನ್ನ ವಾರದ ಲೆಕ್ಕ ಬಿಡಿಸಿ ಹೇಳಿದ್ದಾನೆ. ಬುಧವಾರ ರಾತ್ರಿ ವಿಷಯ ಸಿಕ್ಕುತ್ತದೆ. ಗುರುವಾರ ಯೋಚನೆ, ಕರಡು. ಶುಕ್ರವಾರ ಬೆಳಿಗ್ಗೆ ಕೂತರೆ ದಿನವಿಡೀ ಮರಕ್ಕೆ ಮೂಗು ಹಚ್ಚಿದಂತೆಯೇ. ಸಂಜೆ ಆರೂವರೆ ಏಳರ ಹೊತ್ತಿಗೆ, ಒಂದು ಗಂಟೆಯಿಂದ ಕಾದು ಕೂತಿರುವ ಸ್ವೇನ್‌ನ ಹುಡುಗ ಅಚ್ಚನ್ನು ಎತ್ತಿಕೊಂಡು ಓಡುತ್ತಾನೆ. ಏಳೂವರೆಗೆ ಕೆತ್ತನೆ ಶುರು, ಶನಿವಾರ ರಾತ್ರಿ ಮುಕ್ತಾಯ. ಸೋಮವಾರ ರಾತ್ರಿ ಅಂಚೆಯಲ್ಲಿ ಟೆನಿಯಲ್‌ಗೆ ಪ್ರತಿ ಬರುತ್ತದೆ. ಅದನ್ನು ಬಿಡಿಸಿ ನೋಡುವ ಧೈರ್ಯ ಅವನಿಗೆ ಯಾವತ್ತೂ ಬರಲಿಲ್ಲವಂತೆ. ತಂಗಿ ಬಿಡಿಸಿ ಮುಂದೆ ಹಿಡಿದರೆ ಒಮ್ಮೆ ಕಣ್ಣಾಡಿಸಿ ವಾರದ ಸಂಕಟವನ್ನು ನುಂಗಿಕೊಳ್ಳುವುದು. ಬುಧವಾರ ಪತ್ರಿಕೆ ಮಾರಾಟಕ್ಕೆ. ಮೇಲೆ ಮುದ್ರಿಸಿದ ತಾರೀಕು ಮಾತ್ರ ಆ ಶನಿವಾರದ್ದು.

ಈ ವೇಳಾಪಟ್ಟಿಯನ್ನು ಕೈಯಲ್ಲಿ ಹಿಡಿದು ಎರಡು ಪ್ರಸಿದ್ಧ ಚಿತ್ರಗಳ ತಾರೀಕು ನೋಡಿದರೆ ಕೌತುಕ ಹೆಚ್ಚುತ್ತದೆ.

ಜರ್ಮನಿಯ ಪ್ರಧಾನಿ ಬಿಸ್ಮಾರ್ಕ್ 1890ರ ಮಾರ್ಚ್ 18ರಂದು ರಾಜೀನಾಮೆ ಬರೆದುಕೊಟ್ಟ. ಅದು ಮಂಗಳವಾರ. ಮರುದಿನವೇ ಪಂಚ್‌ನ ಊಟದ ದಿನ. ಹಡಗಿನ ಏಣಿಯಿಂದ ಮುದಿ ನಾವಿಕ ಬಿಸ್ಮಾರ್ಕ್ ಇಳಿದುಹೋಗುತ್ತಿದ್ದಾನೆ, ಎಳೆಯ ಚಕ್ರವರ್ತಿ ಕೈಸರ್ ಮೇಲಿನಿಂದ ಬಾಗಿ ನೋಡುತ್ತಿದ್ದಾನೆ. 'ಡ್ರಾಪಿಂಗ್ ದಿ ಪೈಲಟ್' (ದಾರಿ ತೋರುವ ನಾವಿಕನನ್ನು ಇಳಿಸಿಬಿಡುವುದು) ಎಂಬ ಈ ಕಲ್ಪನೆ ಗಿಲ್ಬರ್ಟ್ ಅ ಬೆಕೆಟ್‌ನದು, ಬರೆದದ್ದು ಟೆನಿಯಲ್. ಸಂಚಿಕೆಯ ತಾರೀಕು ಮಾರ್ಚ್ 29, ಅಂದರೆ 26ರ ಬುಧವಾರಕ್ಕೆ ಓದುಗರ ಕೈಯಲ್ಲಿ. ಸುದ್ದಿ ಇದಕ್ಕಿಂತ ಅನುಕೂಲವಾದ ದಿನ ಬರಲಾರದು.

ಇನ್ನೊಂದು ಕಡೆ ಅದೃಷ್ಟ ಕೈಕೊಟ್ಟಿತು. 1885ರ ಆರಂಭದಲ್ಲಿ ಸುಡಾನಿನ ಖಾರ್ಟೂಮಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಜನರಲ್ ಗಾರ್ಡನ್‌ನನ್ನು ಬಿಡಿಸಲು ಬ್ರಿಟಿಷ್ ಪಡೆ ನೈಲ್ ನದಿಗುಂಟ ಸಾಗುತ್ತಿತ್ತು. ಪಡೆ ತಲುಪಿಯೇಬಿಡುತ್ತದೆಂಬ ಭರವಸೆಯಲ್ಲಿ ಪಂಚ್ ಫೆಬ್ರುವರಿ 7ರ ಸಂಚಿಕೆಗೆ 'ಅಟ್ ಲಾಸ್ಟ್!' ಎಂಬ ಚಿತ್ರ ಹಾಕಿತು. ಗಾರ್ಡನ್ ತನ್ನ ರಕ್ಷಕನ ಕೈಕುಲುಕುತ್ತಿದ್ದಾನೆ. ಮೇಲಿನ ಲೆಕ್ಕದಂತೆ ಆ ಚಿತ್ರ ನಿಶ್ಚಯವಾಗಬೇಕಾದದ್ದು ಜನವರಿ 28ರ ಬುಧವಾರ. ಖಾರ್ಟೂಮ್ ಬಿದ್ದು ಅದಾಗಲೇ ಎರಡು ದಿನವಾಗಿತ್ತು. ಪತ್ರಿಕೆ ಬೀದಿಗೆ ಬಂದದ್ದು ಫೆಬ್ರುವರಿ 4ಕ್ಕೆ. ಪತನದ ತಂತಿ ಲಂಡನ್ನಿಗೆ ಮುಟ್ಟಿದ್ದು 5ಕ್ಕೆ. ಮುಂದಿನ ವಾರ ಟೆನಿಯಲ್ ಕಣ್ಣಿಗೆ ತೋಳು ಅಡ್ಡಹಿಡಿದು ಅಳುವ ಬ್ರಿಟಾನಿಯಾಳನ್ನು ಬರೆದ. ಹೆಸರು 'ಟೂ ಲೇಟ್!'

ಇಂಥ ಮುಖಭಂಗ ಹೆಚ್ಚು ಆಗದಿದ್ದದ್ದೇ ವಿಶೇಷ. ಆಗದಿರಲಿ ಎಂದೇ ಪಂಚ್ ಘಟನೆಗಳಿಂದ ದೂರವಿದ್ದು ನಿಲುವುಗಳನ್ನು ಚಿತ್ರಿಸಿತು. ಇವತ್ತು ನಿಶ್ಚಯಿಸಿದ ಚಿತ್ರ ಏಳು ದಿನ ಹಳಸದೆ ಇರಬೇಕಾದರೆ ಸಂಸತ್ತಿನಲ್ಲಿ ಯಾರು ಏನೆಂದರು ಎಂಬುದು ನಡೆಯದು. ಸಿಂಹ ಹುಲಿಯ ಮೇಲೆ ಎಗರುವುದು ನಡೆಯುತ್ತದೆ. 1857ರ ಆಗಸ್ಟ್ 22ರ ಸಂಚಿಕೆಯಲ್ಲಿ ಬ್ರಿಟಿಷ್ ಸಿಂಹ ಬಂಗಾಳದ ಹುಲಿಯ ಮೇಲೆ ಸೇಡಿಗೆ ಹಾರುವ ಎರಡು ಪುಟದ ಚಿತ್ರ ಬಂತಲ್ಲ, ಆಗ ಭಾರತದಿಂದ ಸುದ್ದಿ ಹೋಗಲು ವಾರಗಟ್ಟಲೆ ಹಿಡಿಯುತ್ತಿತ್ತು. ದಂಗೆಯ ವಿವರ ಏನೇ ಆಗಿರಲಿ, ಆ ಚಿತ್ರಕ್ಕೆ ಬಾಧಕವಿರಲಿಲ್ಲ. ಅದರಲ್ಲಿ ವಿವರವೇ ಇಲ್ಲ, ಸಿಟ್ಟಷ್ಟೇ ಇದೆ. ವಿಡಂಬನೆ ಎಂದು ಅದನ್ನು ಕರೆಯುವುದೂ ಕಷ್ಟ. ಲಂಡನ್ನಿನ ಬೀದಿಯ ಕೂಗನ್ನು ಚೆನ್ನಾಗಿ ಕೆತ್ತಿ ಕೊಟ್ಟದ್ದು.

ಕೆತ್ತನೆಯ ಸಮಯ ತಪ್ಪಿ ಅಂದಾಜಿಸಿದರೆ ಏನಾಗುತ್ತದೆಂದು ಪಂಚ್ ಹುಟ್ಟಿದ ತಿಂಗಳಲ್ಲೇ ಕಲಿತಿತ್ತು. ನಾಲ್ಕನೆಯ ಸಂಚಿಕೆಗೆ ಲೀಚ್ ಮೊದಲ ಬಾರಿಗೆ ಬರೆದುಕೊಟ್ಟ ಪೂರ್ತಿ ಪುಟದ ಚಿತ್ರ ಕೆತ್ತಲು ಹೆಚ್ಚು ಹೊತ್ತು ಹಿಡಿದು, ಪತ್ರಿಕೆ ತಡವಾಗಿ, ಆ ವಾರದ ಮಾರಾಟವೇ ಕುಸಿಯಿತು.

ಯಂತ್ರದ ಮೇಲೆ

ಚೆನ್ನಾಗಿ ಕೆತ್ತಿದ ಅಚ್ಚೂ ಮುದ್ರಕನ ಕೈಯಲ್ಲಿ ಸಾಯಬಹುದು. ಒಂದೇ ಒತ್ತಡದಲ್ಲಿ ಒತ್ತಿದರೆ ದಟ್ಟ ಕಪ್ಪಿನ ಜಾಗ ನಸುಬೂದಾಗುತ್ತದೆ, ಒಂಟಿ ಸಣ್ಣ ಗೆರೆ ಕಾಗದವನ್ನು ಕೊರೆದು ದಪ್ಪಗೆ ಬೀಳುತ್ತದೆ. ಆದ್ದರಿಂದ ಕಪ್ಪು ಇರುವಲ್ಲಿ ಒತ್ತುಹಲಗೆಯ ಮೇಲೆ ತೆಳು ಕಾಗದದ ಚೂರುಗಳನ್ನು ಕತ್ತರಿಸಿ ಅಂಟಿಸಿ ಎತ್ತರಿಸುತ್ತಾರೆ, ತಿಳಿಯಾಗಬೇಕಾದಲ್ಲಿ ಕಾಗದ ಕೀಳುತ್ತಾರೆ. ದೂರದ ಬೆಟ್ಟ, ಹೊಗೆಯಂಥ ಭಾಗಗಳಿಗೆ ಕೆತ್ತನೆಗಾರನೂ ಮುಂಚಿತವಾಗಿ ಮರವನ್ನು ಒಂದೆರಡು ಕಾಗದದ ದಪ್ಪದಷ್ಟು ಕೆರೆದು ತಗ್ಗಿಸಿರುತ್ತಾನೆ. ಅವಸರದಲ್ಲಿ ಮೊದಲು ಬಲಿಯಾಗುವುದು ಈ ಕಾಗದ ಅಂಟಿಸುವ ಕೆಲಸ. ಟೆನಿಯಲ್ ಇದರಲ್ಲಿ ಎಷ್ಟು ನಿಷ್ಠುರ ಎಂಬುದಕ್ಕೆ ಪಂಚ್‌ನ ಹೊರಗಿನ ಉದಾಹರಣೆಯಿದೆ: ಅವನು ಚಿತ್ರ ಬರೆದ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಪುಸ್ತಕದ 1865ರ ಮೊದಲ ಮುದ್ರಣ, ಎರಡು ಸಾವಿರ ಪ್ರತಿ, ಚಿತ್ರಗಳ ಮುದ್ರಣ ಸರಿಯಿಲ್ಲವೆಂಬ ಅವನ ತಕರಾರಿಗೆ ವಾಪಸಾಯಿತು.

ಅಚ್ಚು ಸವೆಯದಿರಲು ಎಲೆಕ್ಟ್ರೋಟೈಪ್ ಎಂಬ ದಾರಿಯಿತ್ತು. ಮರದಚ್ಚನ್ನು ಮೇಣದಲ್ಲಿ ಒತ್ತಿ, ಆ ಪಡಿಯಚ್ಚಿಗೆ ಗ್ರಾಫೈಟ್ ಪುಡಿ ಸವರಿ, ಮೈಲುತುತ್ತದ ದ್ರಾವಣದಲ್ಲಿ ಇಳಿಬಿಟ್ಟು ವಿದ್ಯುತ್ ಹಾಯಿಸಿದರೆ ತಾಮ್ರದ ತೆಳುಪದರ ಕಟ್ಟಿಕೊಳ್ಳುತ್ತದೆ. ಹಿಂದಿನಿಂದ ಸೀಸದ ಮಿಶ್ರಲೋಹ ಹೊಯ್ದು, ಮರದ ಮೇಲೆ ಕೂಡಿಸಿ ಮೊಳೆಯ ಎತ್ತರಕ್ಕೆ ತರುತ್ತಾರೆ. ಮೂಲ ಮರ ಪೆಟ್ಟಿಗೆಯಲ್ಲಿ ಭದ್ರ. ಆಲಿಸ್‌ನ ಮರದಚ್ಚುಗಳು 1985ರಲ್ಲಿ ಲಂಡನ್ನಿನ ಒಂದು ಬ್ಯಾಂಕಿನ ಭದ್ರಕೋಣೆಯಲ್ಲಿ ಮುಕ್ಕಾಗದೆ ಸಿಕ್ಕಿದ್ದಕ್ಕೆ ಇದೇ ಕಾರಣ.

ಕೀನ್‌ನ ಬೂದು ಶಾಯಿ, ಮೇಯ ಕಪ್ಪು ಶಾಯಿ

ಈ ಏರ್ಪಾಟಿನಲ್ಲಿ ಅತಿ ಹೆಚ್ಚು ಕಳೆದುಕೊಂಡವನು ಚಾರ್ಲ್ಸ್ ಕೀನ್. ಪಂಚ್‌ನ ಎಲ್ಲ ಕಲಾವಿದರಲ್ಲಿ ಗೆರೆಯ ಮಟ್ಟಿಗೆ ಅವನೇ ದೊಡ್ಡವನು ಎಂದರೆ ಹೆಚ್ಚು ಜನ ಜಗಳಕ್ಕೆ ಬರಲಾರರು. ಸಿಕ್ಕಿದ ಕಾಗದದ ಚೂರಿನ ಮೇಲೆ, ತಾನೇ ಬೆರೆಸಿಕೊಂಡ ನಾನಾ ಹದದ ತಿಳಿ ಶಾಯಿಯಲ್ಲಿ ಬರೆಯುತ್ತಿದ್ದ. ಹತ್ತಿರದ ಮನುಷ್ಯ ಕಡು ಶಾಯಿಯಲ್ಲಿ, ಹಿಂದಿನ ಬೇಲಿ ಬೂದಿಯಂಥ ಶಾಯಿಯಲ್ಲಿ. ಮರದಚ್ಚಿಗೆ ಬೂದು ಗೊತ್ತಿಲ್ಲವಲ್ಲ? ಬೂದು ಗೆರೆಯನ್ನು ಕೆತ್ತನೆಗಾರ ಇನ್ನೂ ತೆಳುವಾದ ಕಪ್ಪು ಗೆರೆಯಾಗಿ ಅನುವಾದಿಸಬೇಕು. ಮೂಲದಲ್ಲಿ ಗಾಳಿಯಾಡುವ ಚಿತ್ರ ಅಚ್ಚಿನಲ್ಲಿ ತಂತಿ ಕಟ್ಟಿದಂತಾಗುತ್ತದೆ. ಕೀನ್‌ನ ಮೂಲಚಿತ್ರಗಳನ್ನು ಸಂಗ್ರಹಾಲಯಗಳಲ್ಲಿ ನೋಡಿದವರು ಪತ್ರಿಕೆಯ ಪುಟ ನೋಡಿ ಕೊರಗುವುದು ಇದಕ್ಕೇ.

ಆ ಮೂಲಗಳು ಉಳಿದಿರುವುದೇ ಫೋಟೊಗ್ರಫಿಯ ಉಪಕಾರ. ಕಾಗದದ ಮೇಲೆ ಬರೆದ ಚಿತ್ರವನ್ನು ಮರದ ಮೇಲೆ ಫೋಟೊ ಆಗಿ ಮೂಡಿಸುವ ಕ್ರಮ ಬಂದ ಮೇಲೆ ಚಿತ್ರಕಾರನಿಗೆ ತಿರುಗುಮುರುಗಿನ ಕಾಟ ತಪ್ಪಿತು, ದೊಡ್ಡದಾಗಿ ಬರೆದು ಕುಗ್ಗಿಸುವುದೂ ಸಾಧ್ಯವಾಯಿತು. ಕಣ್ಣಿನ ತೊಂದರೆಯಿದ್ದ ದು ಮೋರಿಯೆಗೆ ಇದರಿಂದ ಉಸಿರು ಬಂದಂತಾಯಿತು. ಆದರೆ ಒಂದು ಅಡ್ಡಪರಿಣಾಮ: ದೊಡ್ಡದಾಗಿ ಬರೆದಾಗ ಬಿಡಿಬಿಡಿಯಾಗಿದ್ದ ಗೆರೆಗಳು ಕುಗ್ಗಿದಾಗ ಒಂದಕ್ಕೊಂದು ಹತ್ತಿ ಮಸಿಯಾಗುತ್ತವೆ. ಅವನ ಕೊನೆಯ ವರ್ಷಗಳ ಡ್ರಾಯಿಂಗ್‌ರೂಮು ಚಿತ್ರಗಳ ನೆರಳು ಭಾರವಾಗಿ ಕಾಣುವುದರಲ್ಲಿ ಇದರ ಪಾಲೂ ಇದೆ. ಅವನ ನಗೆ ಹೇಗೂ ಅರ್ಧಕ್ಕರ್ಧ ಅಡಿಬರಹದಲ್ಲಿರುತ್ತದೆ. 1895ರ ನವೆಂಬರ್ 9ರ ಪ್ರಸಿದ್ಧ ಚಿತ್ರದಲ್ಲಿ ಬಿಷಪ್ಪನ ಮನೆಯ ತಿಂಡಿಗೆ ಕೂತ ಕಿರಿಯ ಪಾದ್ರಿಗೆ ಕೆಟ್ಟ ಮೊಟ್ಟೆ ಬಂದಿದೆ. ಇಲ್ಲ ಸ್ವಾಮಿ, ಅಲ್ಲಲ್ಲಿ ಬಹಳ ಚೆನ್ನಾಗಿದೆ ಎನ್ನುತ್ತಾನೆ. ಅಡಿಬರಹ ಮುಚ್ಚಿದರೆ ಅದು ಕೆಲವರು ತಿಂಡಿಗೆ ಕೂತ ಚಿತ್ರ, ಅಷ್ಟೆ.

1890ರ ದಶಕದಲ್ಲಿ ಸತುವಿನ ಲೈ‌ನ್ ಬ್ಲಾಕ್ ಬಂದು ಕೆತ್ತನೆಗಾರನನ್ನೇ ಪಕ್ಕಕ್ಕಿಟ್ಟಿತು. ಸತುವಿನ ತಗಡಿಗೆ ಮೊಟ್ಟೆಯ ಬಿಳಿಯಲ್ಲಿ ಬೈಕ್ರೋಮೇಟ್ ಕಲಸಿದ ಲೇಪ ಕೊಟ್ಟು, ಚಿತ್ರದ ನೆಗೆಟಿವ್ ಇಟ್ಟು ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಗೆರೆ ಗಟ್ಟಿಯಾಗುತ್ತದೆ. ಶಾಯಿ ಸವರಿ ತೊಳೆದರೆ ಗೆರೆ ಮಾತ್ರ ಉಳಿಯುತ್ತದೆ. ಅದರ ಮೇಲೆ ರಾಳದ ಪುಡಿ ಉದುರಿಸಿ ಕಾಯಿಸಿ, ತೆಳು ನೈಟ್ರಿಕ್ ಆಮ್ಲದಲ್ಲಿ ಅದ್ದುತ್ತಾರೆ. ಒಂದೇ ಸಲಕ್ಕೆ ಆಳವಾಗಿ ಕಚ್ಚಿಸಿದರೆ ಆಮ್ಲ ಗೆರೆಯ ಬುಡವನ್ನೂ ತಿಂದು ಗೆರೆ ಮುರಿದು ಬೀಳುತ್ತದೆ. ಹಾಗಾಗಿ ಸ್ವಲ್ಪ ಕಚ್ಚಿಸಿ, ತೆಗೆದು, ಗೆರೆಯ ಪಕ್ಕೆಗಳಿಗೆ ನಾಲ್ಕೂ ದಿಕ್ಕಿನಿಂದ ರಾಳದ ಪುಡಿ ಗುಡಿಸಿ ಕರಗಿಸಿ, ಮತ್ತೆ ಕಚ್ಚಿಸುವುದು. ಹೀಗೆ ಮೂರು ನಾಲ್ಕು ಸಲ. ಈ ವಿಧಾನಕ್ಕೆ ಬೇಕಾದದ್ದು ಬಿಳಿ ಕಾಗದ, ಕಡುಗಪ್ಪು ಶಾಯಿ. ತಿಳಿ ಗೆರೆಯನ್ನು ಕ್ಯಾಮೆರಾ ಹಿಡಿಯುವುದೇ ಇಲ್ಲ, ಸಂಕೋಚದ ಗೆರೆ ಮುರಿಯುತ್ತದೆ. 1895ರಲ್ಲಿ ಪಂಚ್ ಬಳಗಕ್ಕೆ ಬಂದ ಫಿಲ್ ಮೇ ಇದಕ್ಕೆ ಹೇಳಿಮಾಡಿಸಿದವನು. ಬೇಕಾದ ಹತ್ತು ಗೆರೆ ಬಿಟ್ಟು ಉಳಿದದ್ದನ್ನೆಲ್ಲ ಕೈಬಿಡುವ ಅವನ ರೀತಿಗೆ ನೆರಳಿನ ಜಾಲರಿಯೇ ಬೇಡ. ಅರ್ಧ ಶತಮಾನ ಎರಡು ಸಾವಿರಕ್ಕೂ ಮೀರಿ ದೊಡ್ಡ ಚಿತ್ರ ಬರೆದ ಟೆನಿಯಲ್ 1901ರ ಜನವರಿಯಲ್ಲಿ ನಿವೃತ್ತನಾದಾಗ ಅವನ ಗೆರೆ ಅದಾಗಲೇ ಬೇರೆ ಯುಗದ್ದಾಗಿತ್ತು.

ಲಖನೌ, ಬೆಂಗಳೂರು

ಪಂಚ್‌ನ ಹೆಸರು ಹೊತ್ತ ಪತ್ರಿಕೆಗಳು ಭಾರತದಲ್ಲೂ ಎದ್ದವು. ಮುಂಬಯಿಯಲ್ಲಿ 1854ರಲ್ಲಿ ಹುಟ್ಟಿದ 'ಪಾರ್ಸಿ ಪಂಚ್' ಮುಂದೆ 'ಹಿಂದಿ ಪಂಚ್' ಆಯಿತು. ಲಖನೌದಲ್ಲಿ ಮುನ್ಶಿ ಸಜ್ಜಾದ್ ಹುಸೇನ್ 1877ರಲ್ಲಿ ಉರ್ದುವಿನ 'ಅವಧ್ ಪಂಚ್' ಶುರುಮಾಡಿದರು. ಉರ್ದುವಿನ ನಸ್ತಾಲಿಕ್ ಬರಹ ಅಚ್ಚುಮೊಳೆಗೆ ಒಗ್ಗದ್ದರಿಂದ ಅಲ್ಲಿ ಇಡೀ ಪತ್ರಿಕೆಯೇ ಕಲ್ಲಚ್ಚು. ಬರೆಯುವವನು ಜಿಡ್ಡು ಶಾಯಿಯಲ್ಲಿ ವಿಶೇಷ ಕಾಗದದ ಮೇಲೆ ನೇರವಾಗಿ ಬರೆದರೆ ಅದು ಕಲ್ಲಿಗೆ ಇಳಿಯುತ್ತದೆ, ಚಿತ್ರವೂ ಹಾಗೆಯೇ. ನಡುವೆ ಕೆತ್ತನೆಗಾರ ಇಲ್ಲ. ಲಂಡನ್ನಿನ ಚಿತ್ರಗಳ ಭಂಗಿಯನ್ನು ಎತ್ತಿಕೊಂಡಾಗಲೂ ಅವಧ್ ಪಂಚ್‌ನ ಗೆರೆ ಕೈಬರಹದಂತೆ ಸಡಿಲವಾಗಿ ಕಾಣುವುದು ಇದರಿಂದ. ಕಲ್ಲು ಸವೆದಂತೆ ಗೆರೆ ದಪ್ಪಗಾಗುತ್ತ ಹೋಗುವುದು ಅದರದೇ ಆದ ರೋಗ.

ನಮ್ಮಲ್ಲಿ ಡಾ. ಎಂ. ಶಿವರಾಂ, ಅಂದರೆ 'ರಾಶಿ'ಯವರು, 1942ರಲ್ಲಿ 'ಕೊರವಂಜಿ' ಹೊರಡಿಸುವ ಹೊತ್ತಿಗೆ ಸತುವಿನ ಬ್ಲಾಕೇ ರೂಢಿ. ಮೊಳೆ ಜೋಡಿಸುವ ಅಚ್ಚುಕೂಟಗಳು ಚಿತ್ರ ಕೊಟ್ಟು ಬ್ಲಾಕ್ ಮಾಡಿಸುತ್ತಿದ್ದವು. ದರ ಚದರ ಅಂಗುಲದ ಲೆಕ್ಕ. ಆದ್ದರಿಂದ ಆ ಕಾಲದ ಪತ್ರಿಕೆಗಳಲ್ಲಿ ಚಿತ್ರ ಚಿಕ್ಕದು, ಗೆರೆ ದಪ್ಪ, ಹಿನ್ನೆಲೆ ಖಾಲಿ. ಕೊರವಂಜಿಗೆ ಚಿತ್ರ ಬರೆದವರಲ್ಲಿ ಮೈಸೂರಿನ ಆರ್. ಕೆ. ಲಕ್ಷ್ಮಣ್ ಒಬ್ಬರು. ಓದಲು ಕಲಿಯುವ ಮುಂಚೆಯೇ ಮನೆಗೆ ಬರುತ್ತಿದ್ದ ಪಂಚ್, ಸ್ಟ್ರ್ಯಾಂಡ್‌ನಂಥ ಪತ್ರಿಕೆಗಳ ಚಿತ್ರಗಳಿಗೆ ಅವರು ಮನಸೋತಿದ್ದರು. ಆದರೆ ಟೆನಿಯಲ್‌ನ ಜಾಲರಿ ಅವರಲ್ಲಿ ಇಲ್ಲ. ಶಾಯಿ ತುಂಬಿದ ಕುಂಚದ ಒಂದೇ ಎಳೆತ, ಶುರುವಿಗೆ ದಪ್ಪ ಕೊನೆಗೆ ಮೊನಚು. ಸತುವಿನ ತಗಡೂ ದಿನಪತ್ರಿಕೆಯ ಒರಟು ಕಾಗದವೂ ತಾಳಿಕೊಳ್ಳುವಂಥ ಗೆರೆ.

ಹಳೆಯ ಪುಟ ಸಿಕ್ಕರೆ

ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಮೊದಲು ಚಿತ್ರಕ್ಕೆ ಅಡ್ಡವಾಗಿ ಅಥವಾ ನೆಟ್ಟಗೆ ಓಡುವ ಬಿಳಿ ಎಳೆ ಹುಡುಕಬೇಕು. ಇದ್ದರೆ ಕೂಡಿಸಿದ ಮರದಚ್ಚು. ಆಮೇಲೆ ನೆರಳಿನ ಜಾಲರಿ. ಕೈಯಿಂದ ಕುಟುಕಿದ ಬಿಳಿ ಕಣ್ಣುಗಳಿಗೆ ಚೂಪು ಮೂಲೆಗಳಿರುತ್ತವೆ, ಒಂದರಂತೆ ಇನ್ನೊಂದಿರುವುದಿಲ್ಲ. ಸತುವಿನ ಬ್ಲಾಕಿನಲ್ಲಿ ಪೆನ್ನಿನ ಗೆರೆಗಳು ಒಂದನ್ನೊಂದು ದಾಟುವ ಮೂಲೆಯಲ್ಲಿ ಶಾಯಿ ತುಂಬಿ ದುಂಡಗಾಗಿರುತ್ತದೆ. ಗೆರೆಯ ಬದಲು ಸಾಲುಸಾಲು ಚುಕ್ಕೆ ಕಂಡರೆ ಅದು ಹಾಫ್‌ಟೋನ್. ಪುಟವನ್ನು ತಿರುಗಿಸಿ ಬೆಳಕಿಗೆ ಓರೆ ಹಿಡಿದಾಗ ಹಿಂಬದಿಯಲ್ಲಿ ಒತ್ತಿದ ಉಬ್ಬು ಕಾಣದಿದ್ದರೆ ಅದು ಇತ್ತೀಚಿನ ಆಫ್‌ಸೆಟ್ ಮರುಮುದ್ರಣ ಇರಬಹುದು. ಚೌಕಟ್ಟು ಹಾಕಿ 'ಮೂಲಪುಟ' ಎಂದು ಮಾರುವವರ ಹತ್ತಿರ ಈ ಪರೀಕ್ಷೆ ಮೊದಲು ಮಾಡುವುದು ಒಳ್ಳೆಯದು. ಎರಡು ಪುಟದ ಚಿತ್ರಗಳನ್ನು ಕೊಳ್ಳುವಾಗ ನಡುಭಾಗ ನೋಡಬೇಕು. ಆರಾರು ತಿಂಗಳಿಗೆ ಸಂಪುಟ ಕಟ್ಟುವಾಗ ಅರ್ಧ ಅಂಗುಲ ಹೊಲಿಗೆಗೆ ಹೋಗಿರುತ್ತದೆ.

ಸಹಿಯೂ ಸುಳಿವು. ಟೆನಿಯಲ್‌ನದು ಜೆ ಮತ್ತು ಟಿ ಹೆಣೆದ ಮೊಹರು. ಲೀಚ್ ಎಂದರೆ ಜಿಗಣೆ, ಅದಕ್ಕೇ ಆತ ಆರಂಭದಲ್ಲಿ ಸೀಸೆಯೊಳಗಿನ ಜಿಗಣೆಯನ್ನೇ ಸಹಿ ಮಾಡಿಕೊಂಡಿದ್ದ. 1849ರಿಂದ 1956ರವರೆಗೆ ನಡೆದ ಪ್ರಸಿದ್ಧ ಮುಖಪುಟ ಬರೆದ ರಿಚರ್ಡ್ ಡಾಯ್ಲ್‌ನದು ಒಂದು ಪುಟ್ಟ ಹಕ್ಕಿ.

ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ, ಗ್ರೇಸ್ಕೇಲ್. ಬರೀ ಕಪ್ಪುಬಿಳುಪಿನ ಸೆಟ್ಟಿಂಗ್‌ನಲ್ಲಿ ಜಾಲರಿಯ ಬಿಳಿ ಕಣ್ಣುಗಳು ಮುಚ್ಚಿಹೋಗುತ್ತವೆ. 150 ಡಿಪಿಐಗೆ ಇಳಿಸಿದರೆ ಸಮಾನಾಂತರ ಗೆರೆಗಳು ಅಲೆಅಲೆಯಾಗಿ ಹೊಳೆದು ಆಕಾಶ ರೇಷ್ಮೆಯಂತಾಗುತ್ತದೆ. ತಾನಾಗಿ ಕಾಂಟ್ರಾಸ್ಟ್ ಏರಿಸುವ ಆಯ್ಕೆಯನ್ನೂ ಮುಂಚೆಯೇ ನಿಲ್ಲಿಸಿಡಬೇಕು, ಇಲ್ಲವಾದರೆ ಮರ ಕೆರೆದು ತಗ್ಗಿಸಿ ತಿಳಿಗೊಳಿಸಿದ ದೂರದ ಬೆಟ್ಟ ಮುಂದಿನ ಮನುಷ್ಯನ ಕೋಟಿನಷ್ಟೇ ಕಪ್ಪಾಗುತ್ತದೆ.